ದನಿ ಹೋದಷ್ಟು ದೂರ

ಆಸ್ಪತ್ರೆಯವರು ಸೋಮವಾರ ಬರಹೇಳಿದ್ದರು. ಅಕ್ಕ ಶುಕ್ರವಾರ ಬೆಳಿಗ್ಗೆಯೇ ಬೂಟಿಗೆ ಮೇಣ ಹಚ್ಚಿಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಳು.

“ಏಳೇ ಓಟಿ. ಬೆಟ್ಟಕ್ಕೆ ಹೋಗೋಣ.”

ಓಣಿಯ ಆ ತುದಿಗೂ ಕೇಳಿಸಿರಬೇಕು. ಅಕ್ಕ ಥೆಕ್ಲಾ ಮಾತಾಡುವುದೇ ಹಾಗೆ. ವರ್ಷ ವರ್ಷವೂ ಅವಳ ಕಿವಿ ಒಂದಿಷ್ಟು ಮುಚ್ಚಿಕೊಳ್ಳುತ್ತಾ ಬಂದಿದೆ. ಕಿವಿ ಮುಚ್ಚಿದಷ್ಟೂ ಬಾಯಿ ತೆರೆದುಕೊಂಡಿದೆ ಎಂದು ಊರಿನವರು ನಗುತ್ತಾರೆ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಚೂರು ಉಳಿದಿತ್ತು, ತೀರ ಹತ್ತಿರ ಬಂದು ಜೋರಾಗಿ ಹೇಳಿದರೆ, ಗಾಳಿ ಇಲ್ಲದಿದ್ದರೆ. ಆ ಬಲಗಿವಿಯೊಳಕ್ಕೇ ಸೋಮವಾರ ಒಂದು ಯಂತ್ರ ಕೂರಿಸುವವರಿದ್ದರು. ಆಮೇಲೆ ಜನರ ಮಾತು ಚೆನ್ನಾಗಿ ತಿಳಿಯುತ್ತದೆ, ಆದರೆ ಉಳಿದಿರುವ ಹಳೆಯ ಕೇಳಿಕೆ ಬಹುಶಃ ಹೊರಟುಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೇಳುವುದನ್ನು ಮಗುವಿನ ಹಾಗೆ ಹೊಸದಾಗಿ ಕಲಿಯಬೇಕಂತೆ.

“ಹಾಕಲಿ, ಬೇಡ ಅಂದಿಲ್ಲ,” ಅಂದಳು ಅಕ್ಕ, ನನ್ನ ತುಟಿಯ ಮೇಲೆ ಕಣ್ಣಿಟ್ಟುಕೊಂಡೇ. “ಅದಕ್ಕೆ ಮುಂಚೆ ಅಪ್ಪನ ಮೊರೆ ಒಂದೇ ಒಂದ್ ಸಲ ಈ ಕಿವೀಲಿ ಕೇಳ್ಬೇಕು. ಕಾಸ್ಪರ್ ಪಕ್ಕ ಹೋಗಿ ನಿಂತ್ಕೊಂಡ್ಬಿಡ್ತೀನಿ, ಲಾಳಿಕೆಗೇ ಕಿವಿ ಕೊಟ್ಟು. ಅಷ್ಟು ಹತ್ರದಿಂದ ಕೇಳಿಸ್ಲೇಬೇಕು.”

ನಾನು ಬೂಟು ಹುಡುಕತೊಡಗಿದೆ.

ಮೊರೆಯನ್ನು ಹಾಡು ಅನ್ನಲಾಗದು, ಬರಿಯ ಪ್ರಾರ್ಥನೆ ಅನ್ನಲೂ ಆಗದು. ಬೇಸಿಗೆಯಲ್ಲಿ ದನಗಳೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿ ಇರುವಷ್ಟು ಕಾಲ, ಸಂಜೆ ಹಾಲು ಕರೆದಾದ ಮೇಲೆ ದನಗಾಹಿ ಗುಡಿಸಲ ಮುಂದಿನ ಶಿಲುಬೆಯ ಬಳಿ ನಿಲ್ಲುತ್ತಾನೆ. ಹಾಲು ಸೋಸುವ ಮರದ ಲಾಳಿಕೆಯನ್ನು ಬಾಯಿಗಿಟ್ಟು, ನಾಲ್ಕು ದಿಕ್ಕಿಗೂ ತಿರುಗುತ್ತಾ, ದೇವರನ್ನೂ ತಾಯಿ ಮೇರಿಯನ್ನೂ ಸಂತರನ್ನೂ ಕರೆಯುತ್ತಾನೆ. ಆ ದನಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಆ ಇರುಳು ದನಕ್ಕಾಗಲಿ ಜನಕ್ಕಾಗಲಿ ಕೇಡಿಲ್ಲ. ಕಿವಿಗೆ ಬಿದ್ದವರು ಇದ್ದಲ್ಲೇ ನಿಂತು ಟೋಪಿ ತೆಗೆಯುತ್ತಾರೆ. ಒಂದು ನೆಲಕ್ಕೆ ಒಂದು ಸಂಜೆಗೆ ಒಂದೇ ಮೊರೆ.

ಹೆಂಗಸರು ಮೊರೆ ಹಾಕುವ ರೂಢಿ ನಮ್ಮ ಕಡೆ ಇರಲಿಲ್ಲ. ಆದರೂ ಅಪ್ಪ ನಮಗಿಬ್ಬರಿಗೂ ಅದನ್ನು ಬಾಯಿಪಾಠ ಮಾಡಿಸಿದ್ದ. ಚಳಿಗಾಲದಲ್ಲಿ ಒಲೆಯ ಮುಂದೆ ತನಗೆ ಬೆನ್ನು ಮಾಡಿಸಿ ಕೂರಿಸಿಕೊಂಡು, ಒಂದೊಂದು ಸಾಲಿನ ಲಯವನ್ನೂ ಬೆನ್ನ ಮೇಲೆ ಬೆರಳಿನಿಂದ ತಟ್ಟುತ್ತಿದ್ದ. ಸಾಲು ಮರೆತರೆ ಬೈಯುತ್ತಿರಲಿಲ್ಲ. ಬೆರಳು ಅಲ್ಲೇ ನಿಂತು ಕಾಯುತ್ತಿತ್ತು.

ಕಲ್ಲಿಗೆ ಕಾವಲಿರಲಿ, ಹುಲ್ಲಿಗೆ ಕಾವಲಿರಲಿ,
ಕಾಲು ಜಾರುವ ಅಂಚಿಗೆ ತಾಯಿಯ ನೀಲಿ ಸೆರಗಿರಲಿ.

ಹೀಗೆ ಸಾಗುತ್ತದೆ ಅದು. ಅಪ್ಪ ಹೋದ ಮೇಲೆ ಅವನ ಮಾತಿನಲ್ಲೇ ಮೊರೆ ಹಾಕುವವನು ಕಾಸ್ಪರ್ ಒಬ್ಬನೇ. ಹುಡುಗನಾಗಿದ್ದಾಗ ಅಪ್ಪನ ಕೈಕೆಳಗೆ ದನ ಕಾದವನು, ಈಗ ನಮಗಿಂತ ಮುದುಕ. ಅವನ ಗುಡಿಸಲು ಇರುವುದು ಬೆಟ್ಟದ ಆಚೆ ಮಗ್ಗುಲಿನಲ್ಲಿ. ಒಂದು ಇರುಳು ಈಚೆಯ ತಂಗುಮನೆಯಲ್ಲಿ ಕಳೆದು, ಮಾರನೆಯ ದಿನ ಬೆಟ್ಟದ ನೆತ್ತಿಯ ಕಣಿವೆಬಾಯಿ ದಾಟಿ ಇಳಿದರೆ ಸಂಜೆಗೆ ಅಲ್ಲಿ. ಅವನಿಂದ ಕೂಗಳತೆಯಲ್ಲೇ ಇನ್ನೊಂದು ತಂಗುಮನೆ. ಭಾನುವಾರ ಕೆಳಗೆ ಬಸ್ಸು. ಕಾಲಿಗೆ ಬಲ ಇರುವ ತನಕ ಪ್ರತಿ ಬೇಸಿಗೆಯ ಕೊನೆಗೆ ನಾವಿಬ್ಬರೂ ನಡೆಯುತ್ತಿದ್ದ ದಾರಿ ಅದೇ.

ಮೊದಲ ದಿನವೆಲ್ಲ ಸೂಜಿಯೆಲೆ ಮರಗಳ ನೆರಳು, ಆಮೇಲೆ ಮರಗಳೂ ಹಿಂದುಳಿದು ಬರಿಯ ಹುಲ್ಲು, ಕಲ್ಲು, ಆಕಾಶ. ನಡೆಯುವಾಗ ನಮ್ಮದೊಂದು ಆಟವಿದೆ. ಅಕ್ಕ ತಿರುಗಿ ನಿಂತು “ಈಗೇನು?” ಅನ್ನುತ್ತಾಳೆ. ನನ್ನ ಕಿವಿಗೆ ಬಿದ್ದದ್ದನ್ನು ನಾನು ಅವಳಿಗೆ ಹೇಳಬೇಕು.

“ಈಗೇನು?”

“ಕಲ್ಲಿನ ಕೆಳಗೆ ನೀರು.”

“ಈಗ?”

“ದೂರದಲ್ಲಿ ಗಂಟೆ. ಆಡಿಂದು ಅನ್ಸತ್ತೆ.”

“ಈಗ?”

“ನಿನ್ನ ಏದುಸಿರು.”

“ಅದು ನಂಗೇ ಗೊತ್ತು ಬಿಡೇ, ಕೋತಿ!”

ತಂಗುಮನೆ ಸೇರುವಾಗ ಒಳಗೆ ದೀಪ ಹಚ್ಚಿದ್ದರು. ಬೂಟು ಕಳಚಿ, ಗೂಡಿನಿಂದ ಮೆತ್ತನೆಯ ಚಪ್ಪಲಿ ಆರಿಸಿ ಹಾಕಿಕೊಂಡು ಉದ್ದನೆಯ ಮೇಜಿನ ತುದಿಗೆ ಕುಳಿತೆವು. ಮನೆ ನೋಡಿಕೊಳ್ಳುವ ಕೋರ್ಡುಲಾ ಆಲೂಗಡ್ಡೆ, ಚೀಸು ಬೆರೆಸಿದ ಮ್ಯಾಕರೋನಿಯ ದೊಡ್ಡ ಬಟ್ಟಲು ತಂದಿಟ್ಟಳು. ಮೇಲೆ ಹುರಿದ ಈರುಳ್ಳಿ, ಪಕ್ಕದಲ್ಲಿ ಸೇಬಿನ ಗೊಜ್ಜು.

“ಥೆಕ್ಲಕ್ಕ, ಮಲಗೋ ಕೋಣೇಲಿ ಇವತ್ತು ಗೊರಕೆಯೋರು ಜಾಸ್ತಿ. ಕಿವಿಗೆ ಹತ್ತಿ ಬೇಕಾ?”

“ನಂಗೆ ದೇವರೇ ತುರುಕಿ ಕಳ್ಸಿದಾನೆ. ನೀನು ಅವರಿಗೆಲ್ಲ ಕೊಡು, ನಾನೂ ಗೊರಕೆ ಹೊಡೀತೀನಿ.”

ಮೇಜಿನ ಸುತ್ತ ನಗು. ಅಷ್ಟರಲ್ಲಿ ಹೊರಗೆ ಬೆಳಕು ಇಳಿದಿತ್ತು. ಕೋರ್ಡುಲಾ ಕಿಟಕಿಯ ಹಲಗೆಯ ಮೇಲಿದ್ದ ಪೆಟ್ಟಿಗೆಯ ಗುಂಡಿ ಒತ್ತಿದಳು. ಒಮ್ಮೆಗೇ ಕೋಣೆ ತುಂಬ ಮೊರೆ. ದಪ್ಪನೆಯ, ಎಣ್ಣೆ ಹಚ್ಚಿದಂಥ ದನಿ. ಪಟ್ಟಣದಿಂದ ಬಂದಿದ್ದವರು ಚಮಚ ಕೆಳಗಿಟ್ಟು ಕಣ್ಣು ಮುಚ್ಚಿದರು.

ಅಕ್ಕನ ತಲೆ ಸರಕ್ಕನೆ ಮೇಲೆದ್ದಿತು. ಪೆಟ್ಟಿಗೆ ಅವಳ ಬಲಗಿವಿಯ ಪಕ್ಕದಲ್ಲೇ ಇತ್ತು. ಅವಳಿಗೆ ಕೇಳಿಸುತ್ತಿತ್ತು! ಮುಖ ಅರಳುವುದನ್ನು ಕಂಡೆ. ಆಮೇಲೆ ಅದೇ ಮುಖ ನಿಧಾನವಾಗಿ ಬಾಡುವುದನ್ನೂ ಕಂಡೆ.

“ಯಾರಿವನು?” ಅಂದಳು.

“ಹಾಡೋರು ಇಲ್ಲಿಲ್ಲಕ್ಕ, ರೆಕಾರ್ಡು,” ಕೋರ್ಡುಲಾ ಅವಳ ಎದುರು ಬಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು. “ನಮ್ಮ ದನಗಾಹಿ ಈ ವರ್ಷ ಬರ್ಲಿಲ್ಲ. ಬಂದೋರೆಲ್ಲ ಕೇಳ್ತಾರಲ್ಲ.”

“ಉಸಿರೇ ತಗೊಳ್ಳಲ್ವಲ್ಲೇ ಇವನು! ಈ ಎತ್ತರದಲ್ಲಿ ಉಸಿರು ತಗೊಳ್ದೆ ಮೊರೆ ಹಾಕೋನು ಒಂದೋ ದೇವದೂತ, ಇಲ್ಲ ಡಬ್ಬಿ.”

ಮೊರೆ ಮುಗಿಯಿತು. ಮೇಜಿನ ಆ ಕಡೆಯ ಒಬ್ಬರು ದೊಡ್ಡ ಮನುಷ್ಯರು ಕಣ್ಣು ಒರೆಸಿಕೊಂಡು, “ಇನ್ನೊಂದ್ ಸಲ ಹಾಕಿ, ದಯವಿಟ್ಟು,” ಅಂದರು. ಕೋರ್ಡುಲಾಳ ಕೈ ಗುಂಡಿಯ ಕಡೆಗೆ ಹೋಯಿತು. ಅಕ್ಕ ಅಂಗೈಯಿಂದ ಮೇಜು ಬಡಿದಳು.

“ಒಂದು ಸಂಜೆಗೆ ಒಂದೇ! ದೇವರೇನು ಕಿವುಡನಾ, ನನ್ನ ಹಾಗೆ?”

ಆ ಮನುಷ್ಯರು ಕೆಂಪಾಗಿ ಬಟ್ಟಲಿನೊಳಗೆ ನೋಡತೊಡಗಿದರು. ನನಗೆ ಅವರ ಮೇಲೆ ಕನಿಕರವಾಯಿತು. ಅವರ ಕಣ್ಣೀರು ಸುಳ್ಳಾಗಿರಲಿಲ್ಲ.

ಮಾರನೆಯ ದಿನ ಕಣಿವೆಬಾಯಿ ಏರುವಾಗ ಬಿಸಿಲಿತ್ತು. ನೆತ್ತಿ ಮುಟ್ಟುವ ಹೊತ್ತಿಗೆ ಆಚೆ ಮಗ್ಗುಲಿನಿಂದ ಮಂಜು ಏರಿ ಬಂತು. ಮೊದಲು ಎದುರಿನ ಹಿಮದ ಬೆಟ್ಟ ಹೋಯಿತು, ಆಮೇಲೆ ದಾರಿ, ಆಮೇಲೆ ಅಕ್ಕನ ಬೆನ್ನಿನ ಚೀಲದ ಕೆಂಪು. ಮಂಜು ಬಂದರೆ ಕೂರು ಎಂದು ಅಪ್ಪ ಹೇಳುತ್ತಿದ್ದ. ದಾರಿಗುರುತಿನ ಕಲ್ಲುಗುಪ್ಪೆಗೆ ಒರಗಿ ಕುಳಿತು ಒಣಸಾಸೇಜು ಕೊಯ್ದು ತಿಂದೆವು. ಎಲ್ಲಿಯೋ ಗುಂಡು ಅಳಿಲಿನಂಥ ಮಾರ್ಮೊಟ್ ಒಂದು ಬಿಲದ ಬಾಯಲ್ಲಿ ಸಿಳ್ಳೆ ಹಾಕಿ ಸುಮ್ಮನಾಯಿತು. ಬಿಳುಪಿನಲ್ಲಿ ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ನಾನು ಜಪಮಾಲೆ ಹಿಡಿದಿದ್ದೆ. ಮಣಿ ಎಣಿಸುತ್ತಲೇ ತೂಕಡಿಸಿದೆನೇನೋ. ಅಪ್ಪನ ಬೆರಳು ಬೆನ್ನ ಮೇಲೆ ತಟ್ಟಿದಂತಾಯಿತು. ನೋಡಿದರೆ ಅಕ್ಕ, “ಏಳು, ತೆಳುವಾಯ್ತು” ಎಂದು ಭುಜ ಅಲುಗಿಸುತ್ತಿದ್ದಳು.

ಹೊತ್ತು ಮೀರಿರಲಿಲ್ಲ. ಬೇಗ ಬೇಗ ಇಳಿದರೆ ಸಂಜೆಗೆ ಕಾಸ್ಪರ್‌ನ ಗುಡಿಸಲು ಸೇರಬಹುದಿತ್ತು. ಇಳಿಯುತ್ತಿದ್ದೆವು ಕೂಡ. ಮೇಲಿನ ಹುಲ್ಲುನೆಲದಲ್ಲಿ ಕಡಸುಗಳು ಸಿಕ್ಕವು.

ಮಂಜಿನೊಳಗಿಂದ ಮೊದಲು ಒಂದು ಒದ್ದೆ ಮೂತಿ, ಅದರ ಹಿಂದೆ ಕಂದು ಬಣ್ಣದ ಹಣೆ, ಆಮೇಲೆ ಕಿವಿಯಲ್ಲಿ ಕಾಸ್ಪರ್‌ನ ಗುರುತು. ಅಕ್ಕ ನಿಂತಳು. ಅವಳ ಕೈ ಕೋಟಿನ ಜೇಬಿಗೆ ಹೋಯಿತು.

“ಅಕ್ಕ, ಬೇಡ!” ಅಂದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ.

ಹುಲ್ಲುಗಾವಲಿನಲ್ಲಿ ಬೆಳೆದ ಹೆಣ್ಣುಮಗಳ ಜೇಬಿನಲ್ಲಿ ಉಪ್ಪು ಇದ್ದೇ ಇರುತ್ತದೆ. ಊರಿನಲ್ಲಿ ಬಸ್ಸು ಹತ್ತುವಾಗಲೂ ಅಕ್ಕನ ಜೇಬಿನಿಂದ ಉಪ್ಪು ಉದುರುತ್ತದೆ. ಅಂಗೈ ಚಾಚಿದಳು. ಆ ಕಡಸು ಒರಟು ನಾಲಗೆಯಿಂದ ನೆಕ್ಕಿತು. ಅಷ್ಟೇ ಸಾಕಾಯಿತು. ಬಿಳುಪಿನ ಎಲ್ಲ ಮೂಲೆಯಿಂದಲೂ ಗಂಟೆ ಅಲುಗಿಸುತ್ತಾ ಉಳಿದವೂ ಬಂದವು. ಜೇಬಿಗೆ ಮೂತಿ ಹಾಕಿದವು, ಟೋಪಿ ಎಳೆದವು, ಒಂದು ನನ್ನ ಜಪಮಾಲೆಯನ್ನೇ ಬಾಯಿಗೆ ಹಾಕಿಕೊಂಡಿತು.

“ಬಿಡೇ ಮುಂಡೇದೇ! ಅದು ತಿನ್ನೋದಲ್ಲ!” ಅಕ್ಕ ನಗುತ್ತಿದ್ದಳು. ಮೈಯೆಲ್ಲ ಜೊಲ್ಲು. ಎಷ್ಟು ವರ್ಷಗಳ ಮೇಲೆ ಅವಳು ಹಾಗೆ ನಕ್ಕಿದ್ದಳೋ, ನಾನು ತಡೆಯಲಿಲ್ಲ.

ಹೊರಟರೆ ಅವೂ ಹೊರಟವು. ಕೆಳಗೆ ಬೇಲಿಯ ಬಾಗಿಲು, ಅದರ ಆಚೆ ಕಡಿದಾದ ಬಂಡೆಯಂಚು. ಉಪ್ಪಿನ ಆಸೆಗೆ ಬೇಲಿ ಮುರಿದು ಹಿಂದೆ ಬಂದರೆ ಅವುಗಳ ಗತಿ? ಅನ್ಯರ ದನವನ್ನು ಅದರ ನೆಲದಿಂದ ಎಳೆದು ತಂದವರು ಎಂದು ಅನ್ನಿಸಿಕೊಳ್ಳುವುದು ಬೇರೆ. ಮತ್ತೆ ಮೇಲಕ್ಕೆ ನಡೆದು, ಒಂದು ಚಪ್ಪಟೆ ಕಲ್ಲಿನ ಮೇಲೆ ಉಳಿದ ಉಪ್ಪನ್ನೆಲ್ಲ ಸುರಿದು, ಅವು ನೆಕ್ಕುತ್ತಿರುವಾಗ ಕಳ್ಳರ ಹಾಗೆ ಬಗ್ಗಿ ಓಡಿ ಬಂದು ಬಾಗಿಲು ಹಾಕಿದೆವು. ಅಷ್ಟರಲ್ಲಿ ಮಂಜಿನ ಬಿಳುಪು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಬೆಟ್ಟದ ಹೆಗಲಿನಂಥ ದಿಬ್ಬ ದಾಟಿ ಈಚೆ ಬಂದದ್ದೇ ತಡ, ನನ್ನ ಕಾಲು ತಾನಾಗಿಯೇ ನಿಂತಿತು.

ಕೆಳಗಿನಿಂದ ಬರುತ್ತಿತ್ತು. ತೆಳ್ಳಗೆ, ನಡುನಡುವೆ ಉಸಿರಿಗೆ ತಡೆದು ತಡೆದು. ಕೊನೆಯ ಸಾಲುಗಳು ಮಾತ್ರ.

ಈ ದನಿ ಹೋದಷ್ಟು ದೂರ ಇರುಳು ಮೆಲ್ಲಗೆ ನಡೆಯಲಿ,
ಈ ದನಿ ಹೋಗದ ಕಡೆಗೆ, ಒಡೆಯನೆ, ನೀನೇ ನಡೆ.

ನಾನು ಟೋಪಿ ತೆಗೆದಿದ್ದೆ. ಯಾವಾಗ ತೆಗೆದೆನೋ ತಿಳಿಯದು. ಚಿಕ್ಕಂದಿನಿಂದ ರೂಢಿಯಾದ ಕೈಗೆ ಯಾರೂ ಹೇಳಬೇಕಾಗಿಲ್ಲ. ಮುಂದೆ ನಡೆಯುತ್ತಿದ್ದ ಅಕ್ಕ “ಈಗೇನು?” ಎಂದು ತಿರುಗಿದಳು. ನನ್ನ ಬರಿದಲೆಯನ್ನು ನೋಡಿದಳು.

ತನ್ನ ಟೋಪಿಯನ್ನೂ ತೆಗೆದು ಎದೆಗೆ ಹಿಡಿದು ನಿಂತಳು. ಅವಳ ಪಾಲಿಗೆ ಅಲ್ಲಿ ಬರಿಯ ಮಂಜು.

ಗುಡಿಸಲ ಮುಂದೆ ಕಾಸ್ಪರ್ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಲಾಳಿಕೆ ಪಕ್ಕದಲ್ಲಿ ಬೋರಲಾಗಿತ್ತು.

“ತಡ ಮಾಡಿದ್ರಲ್ರೇ ಹುಡ್ಗೀರಾ! ದಾರಿ ನೋಡಿ ನೋಡಿ ಸಾಕಾಯ್ತು. ಬೆಳಕು ಕಾಯಲ್ವಲ್ಲ, ಹಾಕ್ಬಿಟ್ಟೆ.” ಅಕ್ಕನ ಕೋಟಿನ ಮೇಲಿನ ಜೊಲ್ಲು ಅವನ ಕಣ್ಣಿಗೆ ಬಿತ್ತು. “ಓ. ಉಪ್ಪು ಕೊಟ್ಯಾ?”

“ಕೊಟ್ಟೆ.”

“ಬುದ್ಧಿ ಬರೋದು ಯಾವಾಗ್ಲೇ ನಿಂಗೆ?”

“ಸೋಮವಾರ ತಲೆ ತೆರೀತಾರಲ್ಲ, ಆಗ ಹಾಕಿಸ್ಕೊಂಡು ಬರ್ತೀನಿ.”

ಕಾಸ್ಪರ್‌ಗೆ ನಗು ಬರಲಿಲ್ಲ. ನಾವು ಬರುವುದೇಕೆ ಎಂದು ಅವನಿಗೆ ತಿಳಿದಿತ್ತು. ಸುಮ್ಮನೆ ಲಾಳಿಕೆ ಎತ್ತಿಕೊಂಡು ಎದ್ದ. “ಬಾ ಇಲ್ಲಿ, ಕಿವಿ ಕೊಡು. ಇನ್ನೊಂದ್ ಸಲ ಹಾಕ್ತೀನಿ. ದೇವರು ಅಷ್ಟಕ್ಕೆಲ್ಲ ಮುನಿಸ್ಕೊಳ್ಳೋನಲ್ಲ.”

ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. “ಬೇಡ ಕಾಸ್ಪರ್. ನಿನ್ನೆ ಒಬ್ಬರಿಗೆ ಬೈದು ಬಂದಿದೀನಿ. ಅವರಿಗೆ ತಪ್ಪು, ನಂಗಾದ್ರೆ ಸರಿನಾ?”

“ನಾಳೆ ಸಂಜೆ ತನಕ ಇರು ಹಂಗಾದ್ರೆ.”

“ನಾಳೆ ಸಂಜೆ ಹೊತ್ತಿಗೆ ಊರು ಸೇರ್ಬೇಕು. ಸೋಮವಾರ ಬೆಳಗಾಗೋಕೆ ಮುಂಚೆ ಆಸ್ಪತ್ರೇಲಿರ್ಬೇಕು.”

ಮೂವರೂ ಕುಳಿತೆವು. ಕಾಸ್ಪರ್ ಬಟ್ಟಲಿಗೆ ಕಾಫಿ ಹೊಯ್ದು ಮೇಲೆ ಸೇಬಿನ ಮದ್ಯ ಸುರಿದು ಕೊಟ್ಟ. ಅಕ್ಕ ಕುಡಿಯಲಿಲ್ಲ, ಕೈ ಬೆಚ್ಚಗೆ ಮಾಡಿಕೊಂಡಳು. ಮಂಜು ನಮ್ಮ ಕಾಲಡಿಯ ಕಣಿವೆಗೆ ಇಳಿದು ಹಾಲಿನ ಹಾಗೆ ನಿಂತಿತು. ಎತ್ತರದ ಬಂಡೆಗಳ ನೆತ್ತಿಯಲ್ಲಿ ಬೆಳಕು ಇನ್ನೂ ಉಳಿದಿತ್ತು. ತಾಯೀ, ಇವಳು ಬಾಯಿ ಜೋರಿನವಳು, ಆದರೆ ಕೇಳಿದ್ದು ಇದೊಂದೇ, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

“ಮೇಲೆ ಕಡಸುಗಳು ಹೇಗಿದ್ವು?” ಕಾಸ್ಪರ್ ಮಾತು ಬದಲಿಸಲೆಂದು ಕೇಳಿದ.

“ಚೆನ್ನಾಗಿ ಕೊಬ್ಬಿದಾವೆ,” ಅಂದಳು ಅಕ್ಕ. ಆಮೇಲೆ, “ಆ ನೆಲಕ್ಕೆ ಯಾರು ಮೊರೆ ಹಾಕ್ತಾರೆ?”

ಕಾಸ್ಪರ್ ಮೊಣಕಾಲು ಉಜ್ಜಿಕೊಂಡ. “ಅಲ್ಲೊಬ್ಬ ಇದ್ದ. ಮೊನ್ನೆ ತನ್ನ ದನ ಇಳಿಸ್ಕೊಂಡು ಹೋದ. ನನ್ನ ದನಿ ಆ ಹೆಗಲು ದಾಟಲ್ಲ. ಈ ಕಾಲೂ ದಾಟಲ್ಲ.”

“ಮತ್ತೆ ಅವು?”

“ಹಾಗೇ ಮಲಗ್ತವೆ.”

“ಹಾಗೇನಾ?”

ಇಡೀ ದಿನ ಅಕ್ಕನಿಗೆ ಬೇರೆಯವರ ದನಿಗಳನ್ನು ಹೇಳುತ್ತಾ ಬಂದಿದ್ದ ನಾನು ಆಗ ನನ್ನದೇ ದನಿಯನ್ನು ಕೇಳಿದೆ.

“ಅಕ್ಕ, ಆ ನೆಲಕ್ಕೆ ಇವತ್ತು ಮೊರೆ ಆಗಿಲ್ಲ. ಕಾಸ್ಪರ್ ತನ್ನದು ಹಾಕಿ ಆಯ್ತು. ನಿನ್ನದು ಇನ್ನೂ ಬಾಕಿ ಇದೆ.”

ಅವಳಿಗೆ ನನ್ನ ತುಟಿ ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ಅಷ್ಟು ಹೊತ್ತು ನೋಡಿದಳು.

“ಹೆಂಗಸ್ರು ಹಾಕಿದ್ದು ನಾನಂತೂ ಕೇಳಿಲ್ಲಪ್ಪ,” ಅಂದ ಕಾಸ್ಪರ್.

“ನಾನು ಎಷ್ಟೋ ವರ್ಷದಿಂದ ಯಾರು ಹಾಕಿದ್ದೂ ಕೇಳಿಲ್ಲ!” ಅಂದಳು ಅಕ್ಕ, ಕೈ ಚಾಚಿ.

ಅವನು ನಕ್ಕುಬಿಟ್ಟ. ಲಾಳಿಕೆಯನ್ನು ಅವಳ ಕೈಗಿಟ್ಟ. ಅವಳು ಅದನ್ನು ತಿರುಗಿಸಿ ಮೂಸಿ ನೋಡಿದಳು. “ಅಪ್ಪಂದಾ?”

“ಅಪ್ಪಂದು ಸೀಳ್ತು. ಒಲೆಗೆ ಹಾಕ್ದೆ. ಒಳ್ಳೇ ಉರಿ ಬಂತು.”

ಹೆಗಲಿಗೆ ಹತ್ತುವುದು ದೂರವಲ್ಲ. ಅಲ್ಲಿ ಕೈಯುದ್ದದ ಒಂದು ಮರದ ಶಿಲುಬೆ ಇದೆ. ಆಚೆ ಹುಲ್ಲುನೆಲದಲ್ಲಿ ಕಡಸುಗಳು ಕಪ್ಪು ಕಲ್ಲುಗಳಂತೆ ಅಲ್ಲಲ್ಲಿ ಮಲಗಿದ್ದವು. ಅಕ್ಕ ಟೋಪಿ ತೆಗೆದು ನನಗೆ ಕೊಟ್ಟಳು. ಲಾಳಿಕೆಯ ಸಣ್ಣ ತುದಿಯನ್ನು ಹಲ್ಲಿಗೆ ಒತ್ತಿ ಹಿಡಿದಳು. ನಾನು ಅವಳ ಹಿಂದೆ ನಿಂತೆ.

ದನಿ ಎದ್ದಿತು. ಒರಟು ದನಿ, ಸ್ವರ ಅತ್ತ ಒಮ್ಮೆ ಇತ್ತ ಒಮ್ಮೆ ಜಾರುತ್ತಿತ್ತು. ಆದರೆ ಎಂಥ ದನಿ! ಊರೆಲ್ಲ ನಗುತ್ತಿದ್ದ ಆ ಗಂಟಲು ಇಷ್ಟು ವರ್ಷ ತನಗೆ ಸಾಕಾಗುವಷ್ಟು ಜಾಗವನ್ನೇ ಕಂಡಿರಲಿಲ್ಲ. ಕಲ್ಲಿಗೆ ಕಾವಲಿರಲಿ ಎಂದಾಗ ಎದುರಿನ ಬಂಡೆ ಅದನ್ನೇ ತಿರುಗಿ ಹೇಳಿತು. ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ತಿರುಗಿದಳು. ಕಡಸುಗಳು ಒಂದೊಂದಾಗಿ ತಲೆ ಎತ್ತಿದವು. ಇರುಳು ಮೆಲ್ಲಗೆ ನಡೆಯಲಿ ಎನ್ನುವಲ್ಲಿಗೆ ಬಂದು ಉತ್ತರಕ್ಕೆ ತಿರುಗಿ ನಿಂತಳು.

ಅಲ್ಲಿ ನಿಂತೇಬಿಟ್ಟಳು. ಬೆನ್ನು ಬಿಗಿಯಿತು. ಕೊನೆಯ ಸಾಲು ಅವಳಿಗೆ ಸಿಗುತ್ತಿರಲಿಲ್ಲ.

ಕೂಗಿ ಹೇಳಿ ಪ್ರಯೋಜನವಿಲ್ಲ. ನಾನು ಬೆರಳನ್ನು ಅವಳ ಬೆನ್ನ ಮೇಲಿಟ್ಟೆ. ಒಲೆಯ ಮುಂದಿನ ಆ ಲಯದಲ್ಲಿ ತಟ್ಟಿದೆ: ಎರಡು ಸಣ್ಣದು, ಒಂದು ಉದ್ದ, ತಡೆ, ಮತ್ತೆ ಎರಡು. ಬೆರಳನ್ನು ಅಲ್ಲೇ ಬಿಟ್ಟು ಕಾದೆ.

ಅವಳ ಪಕ್ಕೆಲುಬು ನನ್ನ ಬೆರಳಿನಡಿ ಅಗಲವಾಯಿತು. ಈ ದನಿ ಹೋಗದ ಕಡೆಗೆ, ಒಡೆಯನೆ, ನೀನೇ ನಡೆ.

ಬಂಡೆ ಅದನ್ನೂ ಹೇಳಿ ಮುಗಿಸಿತು. ಕಡಸಿನ ಗಂಟೆಯೊಂದು ಒಮ್ಮೆ ಅಲುಗಿ, ಮಲಗಿತು. ಅಕ್ಕ ಲಾಳಿಕೆಯನ್ನು ಬಾಯಿಂದ ತೆಗೆಯಲಿಲ್ಲ. ನಾನು ಸುತ್ತಿ ಅವಳ ಎದುರಿಗೆ ಬಂದೆ. ಕೆನ್ನೆ ಒದ್ದೆಯಾಗಿತ್ತು.

“ಈಗೇನು?” ಎಂದೆ ನಾನು.

“ಕೇಳಿಸ್ತು ಕಣೇ.”

“ಕಿವೀಲಾ?”

“ಕಿವೀಲಲ್ಲ. ಹಲ್ಲಲ್ಲಿ. ಹಲ್ಲಲ್ಲಿ, ಇಲ್ಲಿ ಕೆನ್ನೆ ಮೂಳೇಲಿ, ಆಮೇಲೆ ಇಲ್ಲಿ,” ಎಂದು ಎದೆಯ ನಡುವೆ ಅಂಗೈ ಇಟ್ಟುಕೊಂಡಳು. ಸ್ವಲ್ಪ ಯೋಚಿಸಿದಳು. “ಸೋಮವಾರ ಅವ್ರು ಹಲ್ಲಿಗೇನೂ ಮಾಡಲ್ವಲ್ಲ?”

“ಇಲ್ಲ ಅಕ್ಕ.”

“ಹಾಗಾದ್ರೆ ಸರಿ.”

ಇಳಿದು ಬರುವಾಗ ಅವಳು ನನ್ನ ತೋಳು ಹಿಡಿದಿದ್ದಳು. ಗುಡಿಸಲ ಮುಂದೆ ಕಾಸ್ಪರ್ ಬೆಂಚು ಬಿಟ್ಟು ಎದ್ದು ನಿಂತಿದ್ದ. ಟೋಪಿ ಕೈಯಲ್ಲಿತ್ತು.

“ಹೆಗಲು ದಾಟಿ ಇಲ್ಲೀವರೆಗೂ ಬಂತಲ್ಲೇ ನಿನ್ನ ದನಿ,” ಅಂದ. “ನನ್ನ ಹಸುಗಳಿಗೆ ಇವತ್ತು ಎರಡು ಸಲ ಆಗೋಯ್ತು.”

ಕತ್ತಲಿಗೆ ಅವನ ತುಟಿ ಕಾಣುತ್ತಿರಲಿಲ್ಲ. “ಏನಂತೆ?” ಎಂದು ಅಕ್ಕ ನನ್ನನ್ನು ಕೇಳಿದಳು. ನಾನು ಅವಳ ಬಲಗಿವಿಗೆ ಬಾಯಿಟ್ಟು ಹೇಳಿದೆ.

ಅಕ್ಕ ಲಾಳಿಕೆಯನ್ನು ಅವನಿಗೆ ಹಿಂದಿರುಗಿಸಿ, ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

“ಅದಕ್ಕೆ ನಾನೇನ್ ಮಾಡ್ಲಿ? ಬೇಲಿ ನೋಡ್ಕೊಂಡು ನಿಲ್ಲು ಅಂತ ದನಿಗೆ ಹೇಳೋಕಾಗತ್ತಾ?”